ಪುಟ್ಟ ವಿಮಾನದಲ್ಲಿ ದಾರಿ ತೋರುವ ರೇಡಿಯೋ: ಎಷ್ಟು ನಂಬಬೇಕು, ಹೇಗೆ ನಂಬಬೇಕು?

ಮೈಸೂರಿನ ಸರಸ್ವತಿಪುರಂನಲ್ಲಿ ನನ್ನ ಮನೆ. ಸಂಜೆ ಮಹಡಿಯ ಮೇಲೆ ನಿಂತರೆ ಆಗ್ನೇಯಕ್ಕೆ ಚಾಮುಂಡಿ ಬೆಟ್ಟ ಕಾಣುತ್ತದೆ. ವಿಮಾನಗಳ ರೇಡಿಯೋ ಉಪಕರಣಗಳನ್ನು ಬಿಚ್ಚುವುದು, ಜೋಡಿಸುವುದು, ಪರೀಕ್ಷಿಸುವುದು, ಇದರಲ್ಲೇ ನಾನು ಕೂದಲು ನರೆಸಿಕೊಂಡವನು. ಹಾಗಾಗಿ ಆಕಾಶದಲ್ಲಿ ಒಂದು ಪುಟ್ಟ ವಿಮಾನದ ಸದ್ದು ಕೇಳಿದರೆ ಈಗಲೂ ಕತ್ತು ತಾನಾಗಿ ಮೇಲಕ್ಕೆ ಹೋಗುತ್ತದೆ.

ಕೆಲವು ದಿನಗಳ ಹಿಂದೆ ನಮ್ಮ ಬೀದಿಯ ಒಬ್ಬ ತಾಯಿ ಮನೆಗೆ ಬಂದಿದ್ದರು. ಅವರ ಮಗ ವಿಮಾನ ಹಾರಿಸಲು ಕಲಿಯುತ್ತಿದ್ದಾನೆ. ಅಂಗೈಯಗಲದ ಒಂದು ಜಿ.ಪಿ.ಎಸ್. ರಿಸೀವರನ್ನು ಕೊಂಡು ತಂದು, "ಅಮ್ಮಾ, ಇದೊಂದು ಇದ್ದರೆ ದಾರಿ ತಪ್ಪುವ ಮಾತೇ ಇಲ್ಲ" ಎಂದನಂತೆ. ತಾಯಿಗೆ ಸಮಾಧಾನವಾಗಲಿಲ್ಲ. "ಆ ಡಬ್ಬಿಯೇ ತಪ್ಪು ಹೇಳಿದರೆ?" ಎಂದು ನನ್ನನ್ನು ಕೇಳಿದರು. ಕಾಫಿ ಕುಡಿಯುವಷ್ಟು ಹೊತ್ತಿನಲ್ಲಿ ಹೇಳಿ ಮುಗಿಸುವ ಉತ್ತರ ಅದಲ್ಲ. ಅಂದು ಉಳಿದ ಉತ್ತರವನ್ನು ಇಂದು ನಿಮ್ಮ ಮುಂದೆ ಇಡುತ್ತಿದ್ದೇನೆ.

ಹಗುರ ವಿಮಾನ ಎಂದರೆ ಏನು? ಸಾಮಾನ್ಯವಾಗಿ ಒಂದೇ ಎಂಜಿನ್, ಎರಡರಿಂದ ನಾಲ್ಕು ಆಸನ. ನಮ್ಮ ರಾಜ್ಯದಲ್ಲೇ ಹುಟ್ಟಿದ ಉದಾಹರಣೆ ಬೇಕಾದರೆ 'ಹಂಸ'ವನ್ನು ನೆನೆಯಬಹುದು. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ ರೂಪಿಸಿದ ಈ ಎರಡಾಸನದ ವಿಮಾನ ಮೊದಲು ಹಾರಿದ್ದು 1993ರಲ್ಲಿ. ದೊಡ್ಡ ಪ್ರಯಾಣಿಕ ವಿಮಾನದಲ್ಲಿ ಇಬ್ಬರು ಪೈಲಟ್‌ಗಳು, ಒಂದಕ್ಕೊಂದು ಸಾಕ್ಷಿ ಹೇಳುವ ಎರಡು ಮೂರು ಉಪಕರಣಗಳು ಇರುತ್ತವೆ. ಪುಟ್ಟ ವಿಮಾನದಲ್ಲಿ ಅನೇಕ ವೇಳೆ ಇರುವುದು ಒಬ್ಬನೇ ಪೈಲಟ್, ಒಂದೇ ರಿಸೀವರ್. ಇಲ್ಲಿ ಉಪಕರಣ ಸುಳ್ಳು ಹೇಳಿದರೆ "ಅದು ಸುಳ್ಳು" ಎನ್ನಲು ಪಕ್ಕದಲ್ಲಿ ಮತ್ತೊಬ್ಬರು ಇಲ್ಲ. ಆ ಕೆಲಸವನ್ನೂ ಪೈಲಟೇ ಮಾಡಬೇಕು.

ರೇಡಿಯೋ ಎಂದರೆ ಮೈಸೂರಿನವರಿಗೆ ಹೊಸದಲ್ಲ. ಮಹಾರಾಜ ಕಾಲೇಜಿನ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆ 'ವಿಠ್ಠಲ ವಿಹಾರ'ದಲ್ಲಿ ಕೇವಲ 30 ವ್ಯಾಟ್ ಶಕ್ತಿಯ ಪ್ರಸಾರ ಯಂತ್ರವಿಟ್ಟು 'ಆಕಾಶವಾಣಿ'ಯನ್ನು ಆರಂಭಿಸಿದ ಊರು ಇದು. ಇಂದು ಮೈಸೂರು ಆಕಾಶವಾಣಿ ಎಫ್.ಎಂ.ನಲ್ಲಿ 100.6 ಮೆಗಾಹರ್ಟ್ಸ್‌ನಲ್ಲಿ ಕೇಳಿಬರುತ್ತದೆ. ನಿಮ್ಮ ರೇಡಿಯೋದ ಮುಳ್ಳನ್ನು ಅಲ್ಲಿಂದ ಬಲಕ್ಕೆ ತಿರುಗಿಸುತ್ತಾ ಹೋಗಿ. 108ಕ್ಕೆ ಬಂದು ನಿಲ್ಲುತ್ತದೆ. ನಿಮ್ಮ ರೇಡಿಯೋ ಮುಗಿಯುವ ಆ ಜಾಗದಿಂದಲೇ ವಿಮಾನದ ದಾರಿ ತೋರುವ ರೇಡಿಯೋ ಆರಂಭವಾಗುತ್ತದೆ. 108ರಿಂದ ಸುಮಾರು 118 ಮೆಗಾಹರ್ಟ್ಸ್‌ವರೆಗಿನ ಪಟ್ಟಿಯಲ್ಲಿ ವಿ.ಓ.ಆರ್. ಎಂಬ ನೆಲದ ನಿಲಯಗಳು ಹಗಲಿರುಳೂ ಪ್ರಸಾರ ಮಾಡುತ್ತಿರುತ್ತವೆ. ಹಾಡಿಲ್ಲ, ವಾರ್ತೆಯಿಲ್ಲ, "ನೀನು ನನ್ನಿಂದ ಯಾವ ದಿಕ್ಕಿನಲ್ಲಿದ್ದೀಯೆ" ಎಂಬ ಒಂದೇ ಮಾತು.

ಅದು ಹೇಗೆ ಸಾಧ್ಯ? ಸಮುದ್ರ ತೀರದ ದೀಪಸ್ತಂಭವನ್ನು ಕಲ್ಪಿಸಿಕೊಳ್ಳಿ. ಅದರ ಬೆಳಕಿನ ಕೋಲು ಒಂದೇ ವೇಗದಲ್ಲಿ ಸುತ್ತುತ್ತಿದೆ. ಕೋಲು ಉತ್ತರಕ್ಕೆ ಬಂದಾಗಲೆಲ್ಲ ಸುತ್ತಲೂ ಕಾಣುವಂತೆ ಒಂದು ಹಸಿರು ದೀಪ ಮಿಂಚುತ್ತದೆ ಎನ್ನಿ. ಹಸಿರು ಮಿಂಚಿದ ಮೇಲೆ ಎಷ್ಟು ಹೊತ್ತಿಗೆ ಬೆಳಕಿನ ಕೋಲು ನಿಮ್ಮ ಕಣ್ಣಿಗೆ ಬಿತ್ತು ಎಂದು ಎಣಿಸಿದರೆ ದೀಪಸ್ತಂಭದಿಂದ ನೀವು ಯಾವ ದಿಕ್ಕಿನಲ್ಲಿದ್ದೀರಿ ಎಂದು ತಿಳಿಯುತ್ತದಲ್ಲವೆ? ವಿ.ಓ.ಆರ್. ಮಾಡುವುದು ಇದನ್ನೇ, ಬೆಳಕಿನ ಬದಲು ರೇಡಿಯೋ ಅಲೆ, ಸುತ್ತುವುದು ಸೆಕೆಂಡಿಗೆ 30 ಬಾರಿ. ಎಣಿಸುವ ಕೆಲಸ ರಿಸೀವರಿನದು. ಫಲಿತಾಂಶವನ್ನು ಪೈಲಟ್ ಒಂದು ಸೂಜಿಯ ಮೇಲೆ ನೋಡುತ್ತಾನೆ.

ಈ ಸೂಜಿಯನ್ನು ನಂಬುವುದಕ್ಕೆ ಮುಂಚೆ ಕೆಲವು ಪ್ರಶ್ನೆಗಳಿವೆ.

ಮೊದಲನೆಯದು, ನಾನು ಕೇಳುತ್ತಿರುವುದು ಯಾವ ನಿಲಯವನ್ನು? ಪ್ರತಿಯೊಂದು ನಿಲಯವೂ ತನ್ನ ಹೆಸರಿನ ಅಕ್ಷರಗಳನ್ನು ಮೋರ್ಸ್ ಸಂಕೇತದಲ್ಲಿ, ಕಟ್ಟ ಕಡ ಎಂದು, ಮತ್ತೆ ಮತ್ತೆ ಹೇಳುತ್ತಿರುತ್ತದೆ. ಅದನ್ನು ಕಿವಿಯಾರೆ ಕೇಳಿ, ನಕ್ಷೆಯಲ್ಲಿ ಮುದ್ರಿಸಿರುವ ಸಂಕೇತದೊಂದಿಗೆ ತಾಳೆ ನೋಡಬೇಕು. ಅಂಕಿಯನ್ನು ಸರಿಯಾಗಿ ತಿರುಗಿಸಿದ್ದೇನೆ ಎಂಬುದು ಸಾಲದು. ದುರಸ್ತಿಯಲ್ಲಿರುವ ನಿಲಯ ಅಲೆಯನ್ನು ಕಳಿಸುತ್ತಿದ್ದರೂ ಹೆಸರು ಹೇಳುವುದನ್ನು ನಿಲ್ಲಿಸಿರುತ್ತದೆ. ಹೆಸರು ಹೇಳದ ನಿಲಯವನ್ನು ನಂಬಕೂಡದು.

ಎರಡನೆಯದು, ಬಾವುಟ ಕಾಣುತ್ತಿದೆಯೆ? ಅಲೆ ಸಾಕಷ್ಟು ಬಲವಾಗಿಲ್ಲದಿದ್ದರೆ ಉಪಕರಣದ ಮುಖದ ಮೇಲೆ ಒಂದು ಸಣ್ಣ ಎಚ್ಚರಿಕೆಯ ಬಾವುಟ ಇಣುಕುತ್ತದೆ. ಆಗ ಸೂಜಿ ಅನೇಕ ವೇಳೆ ಅಚ್ಚುಕಟ್ಟಾಗಿ ನಡುಮಧ್ಯದಲ್ಲಿ ನಿಂತಿರುತ್ತದೆ. ನಡುಮಧ್ಯ ಎಂದರೆ "ಸರಿಯಾದ ದಾರಿಯಲ್ಲಿದ್ದೀಯೆ" ಎಂದು ಅರ್ಥ ತಾನೆ? ಸತ್ತ ಸೂಜಿಯೂ ಅದನ್ನೇ ಹೇಳುತ್ತದೆ, ಬದುಕಿರುವ ಸೂಜಿಯೂ ಅದನ್ನೇ ಹೇಳುತ್ತದೆ. ವ್ಯತ್ಯಾಸ ತಿಳಿಸುವುದು ಆ ಬಾವುಟ ಒಂದೇ.

ಮೂರನೆಯದು, ನಾನು ನಿಲಯದ ಕಡೆಗೆ ಹೋಗುತ್ತಿದ್ದೇನೆಯೋ, ನಿಲಯದಿಂದ ದೂರ ಹೋಗುತ್ತಿದ್ದೇನೆಯೋ? ಈ ಎರಡನ್ನೂ ಉಪಕರಣ ತೋರಿಸುತ್ತದೆ. ಇದನ್ನು ಗಮನಿಸದೆ ದಿಕ್ಕಿನ ಗುಬಟನ್ನು ತಿರುವುಮುರುವಾಗಿ ಇಟ್ಟರೆ ಸೂಜಿಯ ಅರ್ಥವೂ ತಿರುವುಮುರುವಾಗುತ್ತದೆ. ಎಡಕ್ಕೆ ಹೋಗಬೇಕಾದಾಗ ಬಲಕ್ಕೆ ಎನ್ನುತ್ತದೆ. ಪಾಪ, ಪೈಲಟ್ ಶ್ರದ್ಧೆಯಿಂದ ಅದನ್ನು ಅನುಸರಿಸಿದಷ್ಟೂ ದಾರಿಯಿಂದ ದೂರವಾಗುತ್ತಾನೆ.

ನಾಲ್ಕನೆಯದು, ನಾನು ಎಷ್ಟು ಎತ್ತರದಲ್ಲಿದ್ದೇನೆ? ಮಹಡಿಯ ಮೇಲೆ ಟಿ.ವಿ. ಆಂಟೆನಾ ತಿರುಗಿಸುತ್ತಾ, "ಬಂತೇ? ಈಗ ಬಂತೇ?" ಎಂದು ಕೂಗಿ ಕೇಳುತ್ತಿದ್ದ ದಿನಗಳು ನಿಮಗೆ ನೆನಪಿರಬಹುದು. ವಿ.ಓ.ಆರ್. ಅಲೆಯೂ ಟಿ.ವಿ.ಯ ಅಲೆಯಂತೆ ಹೆಚ್ಚುಕಡಿಮೆ ನೇರವಾಗಿ ಹೋಗುತ್ತದೆ. ಬೆಟ್ಟ ಅಡ್ಡ ಬಂದರೆ, ಭೂಮಿ ಬಾಗಿದರೆ, ಅಲೆ ಮೇಲೆಯೇ ಹಾದುಹೋಗುತ್ತದೆ. ನೆಲದಿಂದ ಸಾವಿರ ಅಡಿ ಎತ್ತರದಲ್ಲಿ ಸುಮಾರು 39 ನಾಟಿಕಲ್ ಮೈಲಿ, ನಾಲ್ಕು ಸಾವಿರ ಅಡಿಯಲ್ಲಿ ಸುಮಾರು 78 ನಾಟಿಕಲ್ ಮೈಲಿ ದೂರದ ನಿಲಯ ಕೇಳಿಸಬಹುದು. ಒಂದು ನಾಟಿಕಲ್ ಮೈಲಿ ಎಂದರೆ 1.852 ಕಿಲೋಮೀಟರು. ಆದ್ದರಿಂದ ಮೈಸೂರಿನ ಮೇಲೆ ತಗ್ಗಿನಲ್ಲಿ ಹಾರುವ ವಿಮಾನಕ್ಕೆ ಬೆಂಗಳೂರಿನ ನಿಲಯ ಕೇಳದಿದ್ದರೆ ರಿಸೀವರ್ ಕೆಟ್ಟಿದೆ ಎಂದಲ್ಲ. ನಡುವೆ ಭೂಮಿಯೇ ಅಡ್ಡ ಇದೆ.

ಇನ್ನು ಎ.ಡಿ.ಎಫ್. ಎಂಬ ಹಳೆಯ ರಿಸೀವರ್ ಒಂದುಂಟು. ಇದರ ಸೂಜಿ ನಾವು ಆರಿಸಿದ ನಿಲಯದ ಕಡೆಗೇ ಬೆರಳು ತೋರಿಸುತ್ತದೆ. ನೋಡಲು ಸುಲಭ, ನಂಬಲು ಕಷ್ಟ. ಇದು ಮೀಡಿಯಂ ವೇವ್ ರೇಡಿಯೋದ ನೆಂಟ. ಗುಡುಗಿನ ಮಳೆ ಬಂದಾಗ ಮೀಡಿಯಂ ವೇವ್ ರೇಡಿಯೋ ಕರಕರ ಎನ್ನುವುದನ್ನು ಕೇಳಿದ್ದೀರಿ. ಅದೇ ಮಿಂಚು ಈ ಸೂಜಿಯನ್ನೂ ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಯಾವ ಮೋಡದಿಂದ ತಪ್ಪಿಸಿಕೊಳ್ಳಬೇಕೋ ಆ ಮೋಡದ ಕಡೆಗೇ ಸೂಜಿ ಕೈ ತೋರಿಸುತ್ತದೆ ಎಂದರೆ ಅಪಾಯ ಎಂಥದೆಂದು ಯೋಚಿಸಿ. ಮುಸ್ಸಂಜೆಯಾದ ಮೇಲೆ ದೂರದೂರದ ನಿಲಯಗಳು ಮೀಡಿಯಂ ವೇವಿನಲ್ಲಿ ನುಗ್ಗಿ ಬರುವಂತೆ ಇಲ್ಲಿಯೂ ಬಂದು ಸೂಜಿಯನ್ನು ಅಲುಗಾಡಿಸುತ್ತವೆ. ಇದಕ್ಕೆ ಸಾಮಾನ್ಯವಾಗಿ ಎಚ್ಚರಿಕೆಯ ಬಾವುಟವೂ ಇಲ್ಲ. ಆದ್ದರಿಂದ ಎ.ಡಿ.ಎಫ್. ಬಳಸುವಷ್ಟು ಹೊತ್ತೂ ನಿಲಯದ ಹೆಸರನ್ನು ಸಣ್ಣ ದನಿಯಲ್ಲಿ ಕೇಳುತ್ತಲೇ ಇರಬೇಕೆಂಬುದು ಹಳೆಯ ಪಾಠ.

ಹೆಸರಿನ ವಿಷಯದಲ್ಲಿ ಎಚ್ಚರ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಒಂದು ದುರಂತದ ಉದಾಹರಣೆ ಇದೆ. 1995ರ ಡಿಸೆಂಬರ್ 20ರಂದು ಅಮೆರಿಕದ ಮಯಾಮಿಯಿಂದ ಕೊಲಂಬಿಯಾದ ಕ್ಯಾಲಿ ನಗರಕ್ಕೆ ಹೊರಟ ಬೋಯಿಂಗ್ 757 ವಿಮಾನ ರಾತ್ರಿಯ ಕತ್ತಲಿನಲ್ಲಿ ಇಳಿಯುತ್ತಿತ್ತು. ಪೈಲಟ್‌ಗಳು ಕ್ಯಾಲಿಯ ಬಳಿಯ ರೋಸೋ ಎಂಬ ನಿಲಯಕ್ಕೆ ಹೋಗಬೇಕೆಂದು ಕಂಪ್ಯೂಟರಿಗೆ 'ಆರ್' ಎಂಬ ಒಂದೇ ಅಕ್ಷರ ಕೊಟ್ಟರು. ಕಂಪ್ಯೂಟರ್ ಅದೇ ಅಕ್ಷರದ ಇನ್ನೊಂದು ನಿಲಯವನ್ನು, ದೂರದ ಬೊಗೋಟಾ ಬಳಿಯ ರೋಮಿಯೋವನ್ನು, ಆರಿಸಿತು. ವಿಮಾನ ವಿಧೇಯವಾಗಿ ಪೂರ್ವಕ್ಕೆ ತಿರುಗಿತು. ತಪ್ಪು ತಿಳಿಯುವ ಹೊತ್ತಿಗೆ ಬೆಟ್ಟ ಎದುರಿಗಿತ್ತು. 163 ಮಂದಿಯಲ್ಲಿ 159 ಮಂದಿ ಸತ್ತರು. ಯಂತ್ರ ಕೆಟ್ಟಿರಲಿಲ್ಲ, ಕೇಳಿದ್ದನ್ನೇ ಕೊಟ್ಟಿತ್ತು. ಅನುಭವಿ ಪೈಲಟ್‌ಗಳಿಬ್ಬರಿದ್ದ ವಿಮಾನದಲ್ಲೇ ಹೀಗಾದರೆ, ಒಬ್ಬನೇ ಕೂತ ಪುಟ್ಟ ವಿಮಾನದ ಹುಡುಗ ಎಷ್ಟು ಎಚ್ಚರವಾಗಿರಬೇಕು!

ಈಗ ಆ ತಾಯಿ ಕೇಳಿದ ಡಬ್ಬಿಗೆ, ಅಂದರೆ ಜಿ.ಪಿ.ಎಸ್.ಗೆ ಬರೋಣ. ಇದರ ನಿಲಯಗಳು ನೆಲದ ಮೇಲಿಲ್ಲ. ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಭೂಮಿಯನ್ನು ಸುತ್ತುವ ಉಪಗ್ರಹಗಳಲ್ಲಿವೆ. ಇದು ಅಮೆರಿಕದ ಸೇನೆಗಾಗಿ ಹುಟ್ಟಿದ ವ್ಯವಸ್ಥೆ. 1983ರ ಸೆಪ್ಟೆಂಬರ್ 1ರಂದು ಕೊರಿಯಾದ ಪ್ರಯಾಣಿಕ ವಿಮಾನವೊಂದು ದಾರಿ ತಪ್ಪಿ ಸೋವಿಯತ್ ಆಕಾಶದೊಳಕ್ಕೆ ಹೋಗಿ ಹೊಡೆದುರುಳಿಸಲ್ಪಟ್ಟಿತು. 269 ಮಂದಿ ಪ್ರಾಣ ಕಳೆದುಕೊಂಡರು. ಆ ಬಳಿಕ ಈ ವ್ಯವಸ್ಥೆಯನ್ನು ನಾಗರಿಕರಿಗೂ ಕೊಡುವುದಾಗಿ ಅಮೆರಿಕ ಪ್ರಕಟಿಸಿತು. 2000ದ ಮೇ ತಿಂಗಳವರೆಗೆ ನಾಗರಿಕರ ಅಲೆಯಲ್ಲಿ ಬೇಕೆಂದೇ ತಪ್ಪು ಬೆರೆಸುತ್ತಿದ್ದರು. ಆಮೇಲೆ ಅದನ್ನೂ ನಿಲ್ಲಿಸಿದರು.

ರಿಸೀವರ್ ನಾಲ್ಕು ಉಪಗ್ರಹಗಳನ್ನು ಕೇಳಿಸಿಕೊಂಡರೆ ತಾನೆಲ್ಲಿದ್ದೇನೆ ಎಂದು ಲೆಕ್ಕ ಹಾಕುತ್ತದೆ. ಆದರೆ ನಾಲ್ವರಲ್ಲಿ ಒಬ್ಬ ಸುಳ್ಳು ಹೇಳಿದರೆ ಅದಕ್ಕೆ ಗೊತ್ತಾಗದು. ಐದನೆಯವನು ಬಂದರೆ "ಇವರಲ್ಲಿ ಯಾರೋ ಸುಳ್ಳು ಹೇಳುತ್ತಿದ್ದಾರೆ" ಎಂದು ತಿಳಿಯುತ್ತದೆ. ಆರನೆಯವನಿದ್ದರೆ ಸುಳ್ಳು ಹೇಳಿದವನಾರೆಂದು ಪತ್ತೆ ಹಚ್ಚಿ ಹೊರಗಿಡಬಹುದು. ಈ ಪಂಚಾಯಿತಿ ನಡೆಸುವ ಶಕ್ತಿ ವಿಮಾನಕ್ಕೆಂದೇ ಮಾನ್ಯತೆ ಪಡೆದು ಅಳವಡಿಸಿದ ರಿಸೀವರಿಗೆ ಇರುತ್ತದೆ. ಅಂಗಡಿಯಲ್ಲಿ ಕೊಂಡು ತಂದ ಕೈಯ ರಿಸೀವರಿಗೂ, ಜೇಬಿನ ಫೋನಿಗೂ ಅದು ಇದೆಯೆಂದು ನಂಬುವಂತಿಲ್ಲ. ಅವು ನೆರವಿಗೆ ಸರಿ, ಆಧಾರಕ್ಕೆ ಸಲ್ಲ.

ಇನ್ನೊಂದು ಮಾತು. ಉಪಗ್ರಹದ ಅಲೆ ನೆಲ ಮುಟ್ಟುವಾಗ ಅದರಲ್ಲಿ ಉಳಿದಿರುವ ಶಕ್ತಿ ಎಷ್ಟೆಂದುಕೊಂಡಿರಿ? ಒಂದು ವ್ಯಾಟನ್ನು ಲಕ್ಷ ಕೋಟಿ ಪಾಲು ಮಾಡಿ, ಅದರಲ್ಲಿ ಒಂದು ಪಾಲನ್ನು ಮತ್ತೆ ಹತ್ತು ಸಾವಿರ ಪಾಲು ಮಾಡಿದರೆ ಒಂದು ಪಾಲಿಗೆ ಬರುವಷ್ಟು. ಇಷ್ಟು ಸಣ್ಣ ಪಿಸುಮಾತನ್ನು ಯಾರು ಬೇಕಾದರೂ ಕೂಗಿ ಮುಚ್ಚಿಬಿಡಬಹುದು. ಅದಕ್ಕಿಂತ ಕೆಟ್ಟದ್ದೆಂದರೆ, ಅದೇ ದನಿಯನ್ನು ಅನುಕರಿಸಿ ಸುಳ್ಳು ಜಾಗವನ್ನು ಹೇಳಬಹುದು. ಇದು ಎಲ್ಲೋ ಯುದ್ಧ ನಡೆಯುವ ನಾಡಿನ ಮಾತಲ್ಲ. 2025ರ ನವೆಂಬರಿನಲ್ಲಿ ದೆಹಲಿಯಲ್ಲಿ ಇಳಿಯುತ್ತಿದ್ದ ಕೆಲವು ವಿಮಾನಗಳಿಗೆ ಇಂಥ ನಕಲಿ ಅಲೆಯ ಅನುಭವವಾಯಿತು. ಡಿಸೆಂಬರಿನಲ್ಲಿ ಕೇಂದ್ರ ವಿಮಾನಯಾನ ಸಚಿವರು ಸಂಸತ್ತಿಗೆ ಕೊಟ್ಟ ಉತ್ತರದಲ್ಲಿ ಅಡಚಣೆ ವರದಿಯಾದ ನಿಲ್ದಾಣಗಳ ಸಾಲಿನಲ್ಲಿ ನಮ್ಮ ಬೆಂಗಳೂರಿನ ಹೆಸರೂ ಇತ್ತು. ಆಗ ವಿಮಾನಗಳಿಗೆ ಆಧಾರವಾಗುವುದು ನೆಲದ ಹಳೆಯ ನಿಲಯಗಳೇ. ಅವುಗಳನ್ನು ಸಾಕಷ್ಟು ಸಂಖ್ಯೆಯಲ್ಲಿ ಉಳಿಸಿಕೊಂಡು ಬಂದಿರುವುದಕ್ಕೆ ಕಾರಣವೂ ಇದೇ. ಹೊಸ ಸೊಸೆ ಬಂದಳೆಂದು ಅತ್ತೆಯನ್ನು ಮನೆಯಿಂದ ಕಳಿಸುವುದುಂಟೆ?

ನಮ್ಮ ದೇಶಕ್ಕೆ ಮತ್ತೊಂದು ವಿಶೇಷ ತೊಡಕು ಇದೆ. ಭೂಮಿಯ ಕಾಂತೀಯ ಸಮಭಾಜಕ ರೇಖೆ ಭಾರತದ ದಕ್ಷಿಣ ತುದಿಯ ಬಳಿ ಹಾದುಹೋಗುತ್ತದೆ. ಅದರ ಆಸುಪಾಸಿನ ಮೇಲಿನ ವಾಯುಮಂಡಲದಲ್ಲಿ, ಅಯಾನುಗೋಳವೆಂಬ ಪದರದಲ್ಲಿ, ಸೂರ್ಯ ಮುಳುಗಿದ ಬಳಿಕ ಗುಳ್ಳೆಗಳಂಥ ಏರುಪೇರುಗಳು ಎದ್ದು ಉಪಗ್ರಹದ ಅಲೆಯನ್ನು ಮಿನುಗಿಸುತ್ತವೆ. ನಕ್ಷತ್ರ ಮಿನುಗಿದ ಹಾಗೆ. ಮಾರ್ಚ್ ಮತ್ತು ಸೆಪ್ಟೆಂಬರಿನ ಆಸುಪಾಸಿನ ತಿಂಗಳುಗಳಲ್ಲಿ ಇದು ಹೆಚ್ಚು. ಅಯಾನುಗೋಳ ತರುವ ತಪ್ಪುಗಳನ್ನು ಅಳೆದು ತಿದ್ದಲೆಂದೇ ನಮ್ಮ ಇಸ್ರೋ ಮತ್ತು ವಿಮಾನ ನಿಲ್ದಾಣ ಪ್ರಾಧಿಕಾರ ಸೇರಿ 'ಗಗನ್' ಎಂಬ ವ್ಯವಸ್ಥೆಯನ್ನು ಕಟ್ಟಿವೆ. ದೇಶದ ನಾನಾ ಕಡೆ ಇರುವ ನೆಲದ ಕೇಂದ್ರಗಳು ಜಿ.ಪಿ.ಎಸ್. ಅಲೆಯನ್ನು ಕಾಯುತ್ತಿರುತ್ತವೆ, ಬೆಂಗಳೂರಿನ ಕುಂದಲಹಳ್ಳಿಯ ನಿಯಂತ್ರಣ ಕೇಂದ್ರದಲ್ಲಿ ತಪ್ಪಿನ ಲೆಕ್ಕ ಸಿದ್ಧವಾಗುತ್ತದೆ, ಉಪಗ್ರಹದ ಮೂಲಕ ಅದು ವಿಮಾನವನ್ನು ಮುಟ್ಟುತ್ತದೆ. ಗಗನ್‌ಗೆ ದಾರಿಯ ಹಾರಾಟಕ್ಕಾಗಿ 2013ರ ಡಿಸೆಂಬರಿನಲ್ಲಿ, ಇಳಿಯುವ ಹಾದಿಯ ಮಾರ್ಗದರ್ಶನಕ್ಕಾಗಿ 2015ರ ಏಪ್ರಿಲಿನಲ್ಲಿ ಮಾನ್ಯತೆ ದೊರೆಯಿತು. ಆದರೆ ಈ ತಿದ್ದುಪಡಿಯನ್ನು ಕೇಳಿಸಿಕೊಳ್ಳಬಲ್ಲ ರಿಸೀವರ್ ನಿಮ್ಮಲ್ಲಿರಬೇಕು, ಆ ಸೌಲಭ್ಯ ತೆರೆದಿರಬೇಕು. ಇಲ್ಲದಿದ್ದರೆ ಮನೆಯ ಮುಂದೆ ನಲ್ಲಿ ಇದ್ದೂ ಕೊಡ ಇಡದ ಹಾಗೆ.

ಇಷ್ಟೆಲ್ಲ ಆಕಾಶದ ತಪ್ಪುಗಳಾದವು. ಆದರೆ ನಾನು ಕಂಡಂತೆ ಹೆಚ್ಚಿನ ತಪ್ಪು ಹುಟ್ಟುವುದು ಆಕಾಶದಲ್ಲಲ್ಲ, ಬೆರಳ ತುದಿಯಲ್ಲಿ. ಇದಕ್ಕೆ ನನ್ನದೇ ಕಥೆ ಹೇಳುತ್ತೇನೆ.

ಹಲವು ವರ್ಷಗಳ ಹಿಂದೆ ಬೆಂಗಳೂರಿನ ಜಕ್ಕೂರಿನಿಂದ ಮೈಸೂರಿಗೆ ಪುಟ್ಟ ವಿಮಾನವೊಂದರಲ್ಲಿ ರಿಸೀವರಿನ ಪರೀಕ್ಷೆಗೆಂದು ಹೊರಟಿದ್ದೆ. ಮೈಸೂರು ನಗರದ ನಡುಭಾಗ ಸುಮಾರು 12 ಡಿಗ್ರಿ 18 ನಿಮಿಷ ಉತ್ತರ ಅಕ್ಷಾಂಶ, 76 ಡಿಗ್ರಿ 39 ನಿಮಿಷ ಪೂರ್ವ ರೇಖಾಂಶದಲ್ಲಿದೆ. ನಾನು ಅಂಕಿಗಳನ್ನು ಒತ್ತಿದೆ: 12.18, 76.39. ಒಂದು ಡಿಗ್ರಿಗೆ 60 ನಿಮಿಷ ಎಂಬುದು ಶಾಲೆಯ ಪಾಠ. 18 ನಿಮಿಷ ಎಂದರೆ ದಶಾಂಶದಲ್ಲಿ 0.30 ಡಿಗ್ರಿ, 39 ನಿಮಿಷ ಎಂದರೆ 0.65 ಡಿಗ್ರಿ. ಆ ರಿಸೀವರ್ ದಶಾಂಶದ ಕ್ರಮದಲ್ಲಿತ್ತು. ನಾನು ನಿಮಿಷವನ್ನು ದಶಾಂಶದ ಜಾಗದಲ್ಲಿ ತುಂಬಿದ್ದೆ. ರಿಸೀವರ್ ತಕರಾರು ಮಾಡಲಿಲ್ಲ. ಪರದೆಯ ಮೇಲೆ 'ಮೈಸೂರು' ಎಂದು ನಾನೇ ಕೊಟ್ಟ ಹೆಸರು ಹೊಳೆಯಿತು.

ವಿಮಾನ ಹಾರಿಸಬೇಕಾಗಿದ್ದವರು ಹಳೆಯ ಕಾಲದ ಪೈಲಟ್. ಎಂಜಿನ್ ಶುರು ಮಾಡುವ ಮುಂಚೆ ಮೊಣಕಾಲ ಮೇಲೆ ನಕ್ಷೆ ಹರಡಿ, ಅಡಿಪಟ್ಟಿಯಿಟ್ಟು ಅಳೆದರು. "ನಕ್ಷೆ 73 ನಾಟಿಕಲ್ ಮೈಲಿ ಅನ್ನುತ್ತೆ. ನಿಮ್ಮ ಡಬ್ಬಿ 89 ಅನ್ನುತ್ತೆ. ಮಿಕ್ಕ 16 ಮೈಲಿ ಎಲ್ಲಿಂದ ಬಂತು?" ಎಂದು ಕೇಳಿದರು. ನಾನು ತಬ್ಬಿಬ್ಬಾದೆ.

ಈ ತಪ್ಪಿನ ಸ್ವಭಾವವನ್ನು ಸ್ವಲ್ಪ ಗಮನಿಸಿ. ದಿಕ್ಕಿನಲ್ಲಿ ಇದ್ದ ವ್ಯತ್ಯಾಸ ಮೂರು ಡಿಗ್ರಿಗೂ ಕಡಿಮೆ. ದಿಕ್ಕನ್ನಷ್ಟೇ ನೋಡಿದ್ದರೆ ಇಬ್ಬರಿಗೂ ಅನುಮಾನ ಬರುತ್ತಿರಲಿಲ್ಲ. ಮಂಡ್ಯ, ಶ್ರೀರಂಗಪಟ್ಟಣ ಎಲ್ಲ ಸರಿಯಾಗೇ ಬರುತ್ತಿತ್ತು. ಮಂಜು ಮುಸುಕಿದ ದಿನವಾಗಿದ್ದರೆ ಮೈಸೂರನ್ನು ಪಕ್ಕಕ್ಕೆ ಬಿಟ್ಟು, "ಇನ್ನೂ 16 ಮೈಲಿ ಇದೆ" ಎಂಬ ಧೈರ್ಯದಲ್ಲಿ ನೈಋತ್ಯಕ್ಕೆ, ಎಚ್.ಡಿ. ಕೋಟೆಯ ಕಡೆಯ ಹೊಲಗಳ ಮೇಲೆ ಹೋಗಿ, "ಮೈಸೂರು ಬಂತು" ಎಂದು ಇಳಿಯಲು ನಿಲ್ದಾಣ ಹುಡುಕುತ್ತಿದ್ದೆವು. ಮುಂದೆ ಕಾಡು, ಅದರಾಚೆ ಬೆಟ್ಟ. ಟ್ಯಾಂಕಿನಲ್ಲಿ ಮಾತ್ರ ಇದ್ದಷ್ಟೇ ಪೆಟ್ರೋಲು. ಯಂತ್ರ ಒಂದು ಸುಳ್ಳನ್ನೂ ಹೇಳಿರಲಿಲ್ಲ. ಸುಳ್ಳು ಹೇಳಿದವನು ನಾನು. ಅದನ್ನು ಹಿಡಿದದ್ದು ಒಂದು ಅಡಿಪಟ್ಟಿ.

ಅಂದಿನಿಂದ ನಾನು ಕಲಿತದ್ದನ್ನು, ಕಲಿಸುತ್ತಾ ಬಂದದ್ದನ್ನು ಇಲ್ಲಿ ಹೇಳುತ್ತೇನೆ.

ಒಂದು: ಅಂಕಿ ತುಂಬುವ ಕೆಲಸವೆಲ್ಲ ನೆಲದ ಮೇಲೆ, ಎಂಜಿನ್ ಸದ್ದು ಶುರುವಾಗುವ ಮುಂಚೆ ಆಗಬೇಕು. ತುಂಬಿದ ಪ್ರತಿ ಹೆಜ್ಜೆಯ ದೂರ ಮತ್ತು ದಿಕ್ಕನ್ನು ನಕ್ಷೆಯಿಂದ ಅಳೆದ ದೂರ ಮತ್ತು ದಿಕ್ಕಿನ ಜೊತೆ ತಾಳೆ ನೋಡಬೇಕು. ಎರಡನ್ನೂ ನೋಡಬೇಕು, ಒಂದನ್ನಲ್ಲ.

ಎರಡು: ರಿಸೀವರಿನೊಳಗಿನ ಮಾಹಿತಿಗೆ ಆಯುಷ್ಯವಿದೆ. ವಿಮಾನಯಾನದ ಮಾಹಿತಿ 28 ದಿನಗಳಿಗೊಮ್ಮೆ ಹೊಸದಾಗುತ್ತದೆ. ಕಳೆದ ವರ್ಷದ ಪಂಚಾಂಗ ನೋಡಿ ಈ ವರ್ಷದ ಹಬ್ಬ ಮಾಡಲಾದೀತೆ?

ಮೂರು: ಭೂಮಿಯ ಅಳತೆಯ ಚೌಕಟ್ಟು ಯಾವುದೆಂದು ನೋಡಬೇಕು. ಜಿ.ಪಿ.ಎಸ್. ಬಳಸುವುದು ಡಬ್ಲ್ಯು.ಜಿ.ಎಸ್.-84 ಎಂಬ ಚೌಕಟ್ಟು. ನಮ್ಮ ಹಳೆಯ ಭೂಪಟಗಳು ತಯಾರಾದದ್ದು ಎವರೆಸ್ಟ್ ಎಂಬ ಹತ್ತೊಂಬತ್ತನೆಯ ಶತಮಾನದ ಚೌಕಟ್ಟಿನಲ್ಲಿ. ಎರಡನ್ನೂ ಬೆರೆಸಿದರೆ ಮೈಸೂರಿನಂಥ ಜಾಗದಲ್ಲಿ ನೂರು ಮೀಟರಿಗೂ ಹೆಚ್ಚು ವ್ಯತ್ಯಾಸ ಬರುತ್ತದೆ.

ನಾಲ್ಕು: ಎತ್ತರಕ್ಕೆ ಆಲ್ಟಿಮೀಟರೇ ಪ್ರಮಾಣ. ದಕ್ಷಿಣ ಭಾರತದಲ್ಲಿ ಸಮುದ್ರಮಟ್ಟ ಆ ಗಣಿತದ ಚೌಕಟ್ಟಿಗಿಂತ ಎಂಬತ್ತು ಮೀಟರಿಗೂ ಹೆಚ್ಚು ಕೆಳಗಿದೆ. ಆ ತಿದ್ದುಪಡಿ ಮಾಡದ ರಿಸೀವರ್ ತೋರುವ ಎತ್ತರ ಅಷ್ಟು ತಪ್ಪಾಗಿರುತ್ತದೆ. ಅಲ್ಲದೆ ಆಕಾಶದಲ್ಲಿ ವಿಮಾನಗಳು ಒಂದರ ಮೇಲೊಂದು ಅಂತರ ಕಾಯ್ದುಕೊಳ್ಳುವುದು ಆಲ್ಟಿಮೀಟರಿನ ಅಂಕಿಯಿಂದ. ಎಲ್ಲರೂ ಒಂದೇ ತಕ್ಕಡಿಯಲ್ಲಿ ತೂಗಬೇಕು.

ಐದು: 'ನೇರ ಹೋಗು' ಎಂಬ ಗುಂಡಿಗೆ ಬೆಟ್ಟ ಕಾಣುವುದಿಲ್ಲ. ಅದು ಎಳೆಯುವುದು ಕಾಗದದ ಮೇಲಿನ ಗೆರೆ. ಚಾಮುಂಡಿ ಬೆಟ್ಟದ ತುದಿ ಸಮುದ್ರಮಟ್ಟದಿಂದ ಸುಮಾರು 3,480 ಅಡಿ. ಆಲ್ಟಿಮೀಟರ್ ಸಮುದ್ರಮಟ್ಟದಿಂದ 3,000 ಅಡಿ ತೋರಿಸುತ್ತಿದ್ದರೆ ಮಂಡಕಳ್ಳಿಯ ನಿಲ್ದಾಣದ ಮೇಲೆ ನೀವು ಹಾಯಾಗಿರುತ್ತೀರಿ. ಆದರೆ ಬೆಟ್ಟದ ತುದಿಗಿಂತ ಸುಮಾರು ಐನೂರು ಅಡಿ ಕೆಳಗಿರುತ್ತೀರಿ. ಈ ಲೆಕ್ಕವನ್ನು ರಿಸೀವರ್ ಮಾಡಿಕೊಡುತ್ತದೆಂದು ಕಾಯಬಾರದು. ನಕ್ಷೆಯಲ್ಲಿ ದಾರಿಯ ಎರಡೂ ಬದಿಯ ಅತಿ ಎತ್ತರದ ಗುಡ್ಡ, ಗೋಪುರಗಳನ್ನು ನೋಡಿ, ಅದರ ಮೇಲೆ ಸಾಕಷ್ಟು ಅಂತರವಿಟ್ಟು ಕನಿಷ್ಠ ಎತ್ತರವನ್ನು ಬರೆದಿಟ್ಟುಕೊಳ್ಳಬೇಕು.

ಆರು: ಕೈಯ ರಿಸೀವರನ್ನಾಗಲಿ ಫೋನನ್ನಾಗಲಿ ದಿಕ್ಸೂಚಿಯ ಪಕ್ಕದಲ್ಲಿ ಸಿಕ್ಕಿಸಬಾರದು. ಅದರ ಹಿಡಿಕೆಯ ಅಯಸ್ಕಾಂತ ದಿಕ್ಸೂಚಿಯನ್ನೇ ಕೆಡಿಸುತ್ತದೆ. ಎಲ್ಲ ಕೈಕೊಟ್ಟಾಗ ಉಳಿಯುವ ಕೊನೆಯ ಗೆಳೆಯ ಆ ದಿಕ್ಸೂಚಿ. ತಂತಿ ಜೋತಾಡಿ ಹಿಡಿಗೋಲಿಗೆ ಸಿಕ್ಕಿಕೊಳ್ಳಬಾರದು. ಬ್ಯಾಟರಿ ಮುಗಿದರೆ ಏನು ಗತಿ ಎಂಬುದನ್ನು ಮೊದಲೇ ಯೋಚಿಸಿರಬೇಕು.

ಏಳು, ಎಲ್ಲಕ್ಕಿಂತ ಮುಖ್ಯವಾದದ್ದು: ಕಣ್ಣು ಹೊರಗಿರಬೇಕು. ಹಗುರ ವಿಮಾನದ ಹಾರಾಟ ಬಹುಮಟ್ಟಿಗೆ ನೋಡಿ ಹಾರುವ ಹಾರಾಟ. ಪರದೆಯ ಬಣ್ಣಕ್ಕೆ ಮರುಳಾಗಿ ತಲೆ ತಗ್ಗಿಸಿದರೆ ಎದುರಿನಿಂದ ಬರುವ ಇನ್ನೊಂದು ವಿಮಾನವನ್ನೋ ಹದ್ದಿನ ಹಿಂಡನ್ನೋ ಕಾಣುವವರಾರು? ಗಂಟೆಗೆ 90 ನಾಟಿಕಲ್ ಮೈಲಿ ವೇಗದಲ್ಲಿ ಜಕ್ಕೂರಿನಿಂದ ಹೊರಟರೆ, ಗಾಳಿ ಇಲ್ಲದ ದಿನ ಸುಮಾರು 19 ನಿಮಿಷಕ್ಕೆ ರಾಮನಗರದ ಬಂಡೆಬೆಟ್ಟಗಳು, 35 ನಿಮಿಷಕ್ಕೆ ಮಂಡ್ಯ, ಆಮೇಲೆ ಕಾವೇರಿ ಸುತ್ತಿಕೊಂಡ ಶ್ರೀರಂಗಪಟ್ಟಣದ ದ್ವೀಪ, ಬಲಕ್ಕೆ ಕನ್ನಂಬಾಡಿಯ ನೀರು, ಸುಮಾರು 49 ನಿಮಿಷಕ್ಕೆ ಮೈಸೂರು ಬರಬೇಕು. ಕೆಳಗೆ ರೈಲುಹಳಿ ಜೊತೆಜೊತೆಗೇ ಬರುತ್ತದೆ. ಗಡಿಯಾರ, ದಿಕ್ಸೂಚಿ, ನಕ್ಷೆ, ಕಣ್ಣು, ಈ ನಾಲ್ಕು ಒಂದು ಮಾತು ಹೇಳುತ್ತಿರುವಾಗ ರಿಸೀವರ್ ಐದನೆಯ ಸಾಕ್ಷಿಯಾಗಿ ಬರಲಿ. ಅದು ಒಪ್ಪಿದರೆ ಸಂತೋಷ. ಒಪ್ಪದಿದ್ದರೆ ಕಾರಣ ತಿಳಿಯುವವರೆಗೂ ಅದರ ಮಾತನ್ನು ಬದಿಗಿಡಬೇಕು. ದಾರಿ ತಪ್ಪಿದೆ ಎನ್ನಿಸಿದರೆ ನಾಚಿಕೆ ಬೇಡ; ಮಾತಿನ ರೇಡಿಯೋದಲ್ಲಿ ನಿಯಂತ್ರಣ ಗೋಪುರಕ್ಕೆ ಬೇಗ ಹೇಳಬೇಕು. ತಡವಾಗಿ ಕೇಳಿದ ನೆರವಿಗಿಂತ ಬೇಗ ಕೇಳಿದ ನೆರವು ದೊಡ್ಡದು.

ಹಾಗಾದರೆ ರಿಸೀವರ್ ಬೇಡವೆಂದೆ? ಖಂಡಿತ ಅಲ್ಲ. ದಾರಿ ತಪ್ಪಿ ಇಂಧನ ಮುಗಿಸಿಕೊಳ್ಳಬಹುದಾಗಿದ್ದ ಎಷ್ಟೋ ಮಂದಿಯನ್ನು ಈ ಉಪಕರಣಗಳು ಕ್ಷೇಮವಾಗಿ ಮನೆ ಸೇರಿಸಿವೆ. ಅವನ್ನು ಸರಿಯಾಗಿ ಬಳಸಬಲ್ಲವನು ಬಳಸದವನಿಗಿಂತ ಸುರಕ್ಷಿತ. ನನ್ನ ಬದುಕೆಲ್ಲ ಅವನ್ನು ಸರಿಪಡಿಸುವುದರಲ್ಲೇ ಕಳೆಯಿತು; ಅವುಗಳ ಮೇಲೆ ನನಗೆ ಪ್ರೀತಿಯೇ ಇದೆ. ಆದರೆ ಒಂದು ಉಪಕರಣವನ್ನು ಬಿಚ್ಚಿ ನೋಡಿದವನಿಗೆ ಅದರ ಮಿತಿಯೂ ಗೊತ್ತಿರುತ್ತದೆ.

ಆ ತಾಯಿಗೆ ಕೊನೆಗೆ ನಾನು ಹೇಳಿದ್ದು ಇಷ್ಟು: ಮಗ ರಜೆಗೆ ಬಂದಾಗ ಡಬ್ಬಿಯ ಬೆಲೆ ಕೇಳಬೇಡಿ, ಮೂರು ಪ್ರಶ್ನೆ ಕೇಳಿ. "ಆ ಡಬ್ಬಿ ಈಗಿಂದೀಗಲೇ ಆರಿಹೋದರೆ ನೀನು ಎಲ್ಲಿದ್ದೀಯೆ ಎಂದು ನಕ್ಷೆಯಲ್ಲಿ ಬೆರಳಿಟ್ಟು ತೋರಿಸಬಲ್ಲೆಯಾ? ಅದು ಹೇಳಿದ ದೂರವನ್ನು ನೀನು ಅಳೆದು ನೋಡಿದೆಯಾ? ನಿನ್ನ ದಾರಿಯಲ್ಲಿ ಅತಿ ಎತ್ತರದ ಬೆಟ್ಟ ಯಾವುದು?" ಮೂರಕ್ಕೂ ತಡವರಿಸದೆ ಉತ್ತರ ಹೇಳಿದರೆ ನೆಮ್ಮದಿಯಿಂದ ನಿದ್ದೆ ಮಾಡಿ.

ಮೊನ್ನೆ ಅವರು ಮತ್ತೆ ಸಿಕ್ಕಿದ್ದರು. ಎರಡಕ್ಕೆ ಉತ್ತರ ಬಂತಂತೆ. ಮೂರನೆಯದಕ್ಕೆ ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, ಎದ್ದು ಹೋಗಿ ನಕ್ಷೆ ತಂದನಂತೆ. ಒಳ್ಳೆಯ ಪೈಲಟ್ ಆಗುತ್ತಾನೆ ಎಂದೆ.